ಓದುಗರ ಸ್ಪಂದನ: ಹದಿಮೂರೂವರೆ ಲಕ್ಷದ ಗಾಡಿ, ಐವತ್ತು ಲಕ್ಷದ ಸಾಮಾನು

ಕಳೆದ ಸಂಚಿಕೆಯಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೇಳಿದ್ದರು: ರಾಶಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿದೆ. ಬೆಂಗಳೂರಿನಲ್ಲಿ 2015ರ ಬಿಎಂಡಬ್ಲ್ಯು 520ಡಿ, 98 ಸಾವಿರ ಕಿ.ಮೀ. ಓಡಿದ್ದು, ಹದಿಮೂರೂವರೆ ಲಕ್ಷಕ್ಕೆ ಸಿಗುತ್ತಿದೆ. ಅದೇ ವರ್ಷದ ದೆಹಲಿ ಗಾಡಿ ಒಂಬತ್ತೂವರೆಗೆ. ಹೊಸದರಲ್ಲಿ ಇದಕ್ಕೆ ಐವತ್ತು ಲಕ್ಷದ ಹತ್ತಿರ ಬೆಲೆಯಿತ್ತು. ಮಗನಿಗೆ ಬೇಕು, ಮನೆಯವರಿಗೆ ಬೇಡ. ದಿನದ ಓಡಾಟ ಪೇಟೆಗೆ ಆರು ಕಿ.ಮೀ., ಅದರಲ್ಲಿ ಒಂದೂವರೆ ಮಣ್ಣು ರಸ್ತೆ. ತಿಂಗಳಿಗೊಮ್ಮೆ ಶಿವಮೊಗ್ಗ, ವರ್ಷಕ್ಕೆ ನಾಲ್ಕೈದು ಸಲ ಬೆಂಗಳೂರು. ತಗೊಳ್ಳಲೋ ಬೇಡವೋ?

ಬಂದ ಉತ್ತರಗಳಲ್ಲಿ ಆಯ್ದವು ಇಲ್ಲಿವೆ.

*

ರಾಯರೇ, ಗಾಡಿಯ ಬೆಲೆ ಇಳಿದಿದೆ, ಸಾಮಾನಿನ ಬೆಲೆ ಇಳಿದಿಲ್ಲ. ನೀವು ಎಷ್ಟಕ್ಕೇ ತನ್ನಿ, ಹೆಡ್‌ಲೈಟ್ ಒಡೆದ ದಿನ ಬರುವ ಬಿಲ್ಲು ಐವತ್ತು ಲಕ್ಷದ ಗಾಡಿಯದ್ದೇ.

ಮೊದಲು ಎಂಜಿನ್ ಯಾವುದೆಂದು ಕೇಳಿ. ಎನ್47 (ಬಿಎಂಡಬ್ಲ್ಯುವಿನ ಹಳೇ ಡೀಸೆಲ್ ಎಂಜಿನ್) ಆಗಿದ್ದರೆ ಟೈಮಿಂಗ್ ಚೈನಿನ (ಪಿಸ್ಟನ್ನಿನ ತಾಳಕ್ಕೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಸರಪಳಿ) ವಿಚಾರ ಇತ್ಯರ್ಥವಾಗದೆ ಅಡ್ವಾನ್ಸ್ ಕೊಡಬೇಡಿ. ಈ ಎಂಜಿನ್ನಿನಲ್ಲಿ ಚೈನು ಮುಂಬದಿಯಲ್ಲಿಲ್ಲ, ಗೇರ್‌ಬಾಕ್ಸ್ ಕಡೆಗಿದೆ. ಚೈನು ಸಡಿಲವಾಗುವುದು, ಅದರ ಪ್ಲಾಸ್ಟಿಕ್ ಗೈಡ್ ಸವೆಯುವುದು ಎನ್47ರ ಹಳೇ ಕಾಯಿಲೆ. ಆಮೇಲೆ ಬಂದ ಬಿ47ರಲ್ಲಿ ದೂರು ಕಡಿಮೆ, ಆದರೆ ಅದರಲ್ಲೂ ಚೈನು ಹಿಂಬದಿಯಲ್ಲೇ. ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲವೇ ಎಂಜಿನ್ನನ್ನೇ ಎತ್ತಬೇಕು. ಕೂಲಿ ಸೇರಿ ಲಕ್ಷ ದಾಟುವ ಕೆಲಸ. ಓಡುತ್ತಿರುವಾಗ ಚೈನು ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ರಿಪೇರಿಯ ಮಾತಿಲ್ಲ, ಬೇರೆ ಎಂಜಿನ್ನೇ ಹುಡುಕಬೇಕು.

ಪರೀಕ್ಷೆ ಹೀಗೆ. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಲೆಕ್ಕ. ತಣ್ಣಗಿದ್ದರೆ ಬಾನೆಟ್ ತೆಗೆದು ಬೇರೆಯವರಿಂದ ಸ್ಟಾರ್ಟ್ ಮಾಡಿಸಿ, ನೀವು ಎಂಜಿನ್ನಿನ ಹಿಂತುದಿಯಲ್ಲಿ, ಡ್ಯಾಶ್‌ಬೋರ್ಡ್ ಕಡೆಗೆ ಕಿವಿಯಿಡಿ. ಡೀಸೆಲ್ಲಿನ ಟಕಟಕ ಬೇರೆ, ಸರಪಳಿ ತಗಡಿಗೆ ಉಜ್ಜಿದಂತೆ ಬರುವ ಗರಗರ ಬೇರೆ. ಆಮೇಲೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿಸಿ, 1,500ರಿಂದ 2,000 ಆರ್‌ಪಿಎಂ ನಡುವೆ ಮತ್ತೆ ಕೇಳಿ. ಗರಗರ ಬಂತೋ, ನಮಸ್ಕಾರ ಹೇಳಿ ಬನ್ನಿ.

ಗೇರ್‌ಬಾಕ್ಸ್ ಝಡ್‌ಎಫ್ ಎಂಟು ಗೇರಿನದು, ಒಳ್ಳೆಯ ಪೆಟ್ಟಿಗೆ. ‘ಆಯುಷ್ಯಪೂರ್ತಿ ಆಯಿಲ್ ಬದಲಿಸಬೇಕಿಲ್ಲ’ ಎಂದು ಷೋರೂಮಿನವರು ಹೇಳುತ್ತಾರೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ನಿಮ್ಮ ಗಾಡಿ ಎರಡೂ ಲೆಕ್ಕದಲ್ಲಿ ಈಗ ಬಾಕಿದಾರ. ಫಿಲ್ಟರು ತಳದಲ್ಲಿ ಆಯಿಲ್ ನಿಲ್ಲುವ ಪ್ಲಾಸ್ಟಿಕ್ ಸಂಪ್‌ನ ಒಳಗೇ ಕೂತಿರುವುದರಿಂದ ಸಂಪ್ ಸಮೇತ ಬದಲಿಸಬೇಕು. ಆಯಿಲ್ ಲೆವೆಲ್ ನೋಡಲು ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಓಡುತ್ತಿರಬೇಕು, ಆಯಿಲ್ಲಿನ ಬಿಸಿ 30ರಿಂದ 50 ಡಿಗ್ರಿ ಒಳಗಿರಬೇಕು, ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ತೆಗೆದು, ತುಂಬುವ ತೂತಿನಿಂದ ಹೊರಗೆ ಸುರಿಯುವವರೆಗೆ ಹಾಕಬೇಕು. ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಯಂತ್ರ) ಇಲ್ಲದೆ ಕಣ್ಣಂದಾಜಿನಲ್ಲಿ ತುಂಬುವವರ ಕೈಗೆ ಇದನ್ನು ಕೊಟ್ಟರೆ ಇರುವ ಗೇರ್‌ಬಾಕ್ಸೂ ಹೋಗುತ್ತದೆ.

ಇನ್ನು ನಿಮ್ಮ ಆರು ಕಿಲೋಮೀಟರು. ನಿಜ ಹೇಳಬೇಕೆಂದರೆ ಈ ಗಾಡಿಗೆ ಮಾರಕ ಇದೇ. ಪೇಟೆ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯೇ ಆಗಿರುವುದಿಲ್ಲ. ಮಸಿ ಇಜಿಆರ್ ವಾಲ್ವಿನಲ್ಲೂ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವು) ಇನ್‌ಟೇಕ್ ಕೊಳವೆಯಲ್ಲೂ ಕಟ್ಟುತ್ತದೆ. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರು) ಇದ್ದರೆ ಅದು ತನ್ನ ಮಸಿಯನ್ನು ಸುಟ್ಟುಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮನೆ ಓಡಬೇಕು. ಅರ್ಧ ಸುಡುತ್ತಿರುವಾಗ ಕೀ ತೆಗೆದರೆ ಸುಡಲೆಂದು ಹೆಚ್ಚಿಗೆ ಸುರಿದ ಡೀಸೆಲ್ ಆಯಿಲ್ಲಿಗೆ ಇಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ತೆಳು ಆಯಿಲ್ ಮತ್ತೆ ಆ ಚೈನನ್ನೇ ತಿನ್ನುತ್ತದೆ. ತಗೊಂಡರೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಆಯಿಲ್ಲನ್ನು ಮೀಟರು ಹೇಳುವವರೆಗೆ ಕಾಯದೆ 10 ಸಾವಿರ ಕಿ.ಮೀ.ಗೆ ಬದಲಿಸಿ. ಸುಮಾರು ಐದೂಕಾಲು ಲೀಟರು, ಡಬ್ಬದ ಮೇಲೆ ಎಲ್‌ಎಲ್-04 ಎಂಬ ಬಿಎಂಡಬ್ಲ್ಯು ಒಪ್ಪಿಗೆಯ ಗುರುತು ಇರಬೇಕು.

ಇಜಿಆರ್ ಕೂಲರಿನ ಬಗ್ಗೆಯೂ ವಿಚಾರಿಸಿ. ಅದರಿಂದ ಸೋರುವ ಕೂಲಂಟು ಮಸಿಯ ಜೊತೆ ಸೇರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ ಎಂದು 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾದ ರಿಕಾಲ್ (ಕಂಪನಿಯೇ ಗಾಡಿಗಳನ್ನು ಕರೆಸಿ ಸರಿಪಡಿಸುವುದು) ಬೇರೆ ದೇಶಗಳಿಗೂ ಹಬ್ಬಿತು. 17 ಅಕ್ಷರದ ಚಾಸಿ ನಂಬರ್ ಕೊಟ್ಟರೆ, ಈ ಗಾಡಿಗೆ ಬಾಕಿ ಕೆಲಸವಿದೆಯೇ ಎಂದು ಅಧಿಕೃತ ಸರ್ವೀಸಿನವರು ನೋಡಿ ಹೇಳುತ್ತಾರೆ.

98 ಸಾವಿರ ನಿಜವೇ? ಮೀಟರ್ ತಿರುಗಿಸುವವರು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನದ್ದನ್ನು ಮಾತ್ರ ತಿರುಗಿಸುತ್ತಾರೆ. ಈ ಗಾಡಿಗಳಲ್ಲಿ ಓಡಿದ ಲೆಕ್ಕ ಕೀಯಲ್ಲೂ ಬೇರೆ ಮಾಡ್ಯೂಲುಗಳಲ್ಲೂ (ಗಾಡಿಯೊಳಗಿನ ಚಿಕ್ಕ ಕಂಪ್ಯೂಟರುಗಳು) ಬರೆದುಕೊಂಡಿರುತ್ತದೆ. ಸ್ಕ್ಯಾನ್ ಮಾಡಿಸಿ ಒಂದಕ್ಕೊಂದು ಹೋಲಿಸಿ.

– ಡೀಸೆಲ್ ಎಂಜಿನ್ ಕೆಲಸ ಬಲ್ಲ ಓದುಗರು, ಶಿವಮೊಗ್ಗ

*

ದೆಹಲಿ ಗಾಡಿಯ ನಾಲ್ಕು ಲಕ್ಷದ ಉಳಿತಾಯ ಕಾಗದದ ಮೇಲೆ ಮಾತ್ರ. ಅಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅವು ಅಗ್ಗವಾಗಿ ದಕ್ಷಿಣಕ್ಕೆ ಇಳಿಯತೊಡಗಿದವು. ಕರ್ನಾಟಕಕ್ಕೆ ತಂದರೆ ಆಜೀವ ತೆರಿಗೆ ಇಲ್ಲಿ ಹೊಸದಾಗಿ ಕಟ್ಟಬೇಕು. 20 ಲಕ್ಷಕ್ಕಿಂತ ಮೇಲಿನ ಕಾರಿಗೆ ದರ 18 ಶೇಕಡ, ಮೇಲೆ ಸೆಸ್. ಐವತ್ತು ಲಕ್ಷದ ಹೊಸ ಗಾಡಿಗಾದರೆ 9 ಲಕ್ಷವಾಯಿತು. ಹಳೆಯದಕ್ಕೆ ವಯಸ್ಸಿನ ಲೆಕ್ಕದಲ್ಲಿ ಕಡಿತವಿದೆ, ಆದರೆ ಕಡಿತ ಹಾಕುವುದು ಮೂಲ ಬೆಲೆಯ ತೆರಿಗೆಯ ಮೇಲೆ. ನೀವು ಕೊಟ್ಟ ಒಂಬತ್ತೂವರೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಉಳಿಯಿತು ಅಂದುಕೊಂಡದ್ದರಲ್ಲಿ ಬಹುಪಾಲು ಅಲ್ಲೇ ಹೋಗುತ್ತದೆ. ಇಷ್ಟರ ಮೇಲೂ ಅದೇ ಬೇಕೆಂದರೆ, ದೆಹಲಿಯ ಆರ್‌ಟಿಒ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ, ಫಾರಂ 28) ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಸರ್ಕಾರದ ವಾಹನ್ ಜಾಲತಾಣದ ದಾಖಲೆಯಲ್ಲಿ ಆರ್‌ಸಿ ಚಾಲ್ತಿಯಲ್ಲಿದೆಯೇ ನೋಡಿ.

ಬೆಂಗಳೂರಿನ ಗಾಡಿಯಾದರೆ ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30, ಸಾಲವಿದ್ದರೆ ಅದು ತೀರಿತೆಂದು ಬ್ಯಾಂಕಿನ ಫಾರಂ 35. ಇಂಥ ಗಾಡಿಗಳಲ್ಲಿ ಬಹಳಷ್ಟು ಕಂಪನಿ ಹೆಸರಿನಲ್ಲಿರುತ್ತವೆ. ಹಾಗಿದ್ದರೆ ಸಹಿ ಹಾಕುವವರಿಗೆ ಮಾರುವ ಅಧಿಕಾರ ಕೊಟ್ಟ ಬೋರ್ಡಿನ ಠರಾವು ಕೇಳಿ. ನೀವು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ತೀರ್ಥಹಳ್ಳಿಯವರಾದ್ದರಿಂದ ಅದು ಕೆಎ-14, ಶಿವಮೊಗ್ಗ ಕಚೇರಿ.

ಇನ್ಶೂರೆನ್ಸಿನಲ್ಲಿ ತಪ್ಪುವವರೇ ಹೆಚ್ಚು. ಥರ್ಡ್ ಪಾರ್ಟಿ ತಾನಾಗಿಯೇ ನಿಮಗೆ ಬರುತ್ತದೆ, ನಿಮ್ಮ ಗಾಡಿಗಾದ ನಷ್ಟದ ಭಾಗ ಬರುವುದಿಲ್ಲ. 14 ದಿನದೊಳಗೆ ಹೆಸರು ಬದಲಿಗೆ ಬರೆದುಕೊಡಿ. ನೋ ಕ್ಲೇಮ್ ಬೋನಸ್ ಹಳೇ ಮಾಲೀಕರ ಜೊತೆ ಹೋಗುತ್ತದೆ, ಆದ್ದರಿಂದ ಪ್ರೀಮಿಯಂ ಏರುತ್ತದೆ. ಇಷ್ಟು ಹಳೆಯ ಗಾಡಿಗೆ ಝೀರೋ ಡೆಪ್ (ಸವಕಳಿ ಕಳೆಯದೆ ಸಾಮಾನಿನ ಪೂರ್ತಿ ಬೆಲೆ ಕೊಡುವ ಪಾಲಿಸಿ) ಸಿಗುವುದು ಕಷ್ಟ. ಅಂದರೆ ಬಂಪರ್ ಬದಲಿಸಿದರೆ ಪ್ಲಾಸ್ಟಿಕ್ಕಿನ ಅರ್ಧ ಬೆಲೆ ನಿಮ್ಮದೇ. ಎಂಜಿನ್ ಪ್ರೊಟೆಕ್ಟ್ ಕೊಡುತ್ತಾರಾ ಕೇಳಿ. ನಿಂತ ನೀರಿಗೆ ನುಗ್ಗಿ ಎಂಜಿನ್ ನೀರು ಕುಡಿದು ನಿಂತರೆ ಅದಿಲ್ಲದೆ ಪಾಲಿಸಿಯಲ್ಲಿ ಚಿಕ್ಕಾಸೂ ಬರುವುದು ಅನುಮಾನ. ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದರಂತೂ ಇದ್ದ ಕ್ಲೇಮೂ ಹೋಗುತ್ತದೆ.

– ವಾಹನ ಕಾಗದಪತ್ರದ ಕೆಲಸ ಬಲ್ಲ ಓದುಗರು, ಶಿವಮೊಗ್ಗ

*

ಮಾರಾಯ್ರೇ, ಟೈರು ನೋಡದೆ ಎಂಜಿನ್ ನೋಡಿ ಏನು ಮಾಡುತ್ತೀರಿ? ಈ ಗಾಡಿಗೆ ಬರುವುದು ರನ್‌ಫ್ಲ್ಯಾಟ್ ಟೈರು, 225/55 ಆರ್17. ಗಾಳಿ ಹೋದರೂ 80 ಕಿ.ಮೀ. ವೇಗ ಮೀರದೆ 80 ಕಿ.ಮೀ. ದೂರ ಓಡುತ್ತದೆ ಎಂಬ ನಂಬಿಕೆಯ ಮೇಲೆ ಮಾಡಿದ್ದು. ಆಗುಂಬೆಯಲ್ಲಿ ಗಾಳಿ ಹೋದರೆ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಆ ಲೆಕ್ಕ ಮುಗಿದಿರುತ್ತದೆ. ಪಕ್ಕದ ಗೋಡೆ ಗಟ್ಟಿಯಿರುವುದರಿಂದ ಗುಂಡಿಗೆ ಬಿದ್ದ ಏಟು ಟೈರಿನಲ್ಲಿ ಕರಗದೆ ಚಕ್ರದ ರಿಮ್ಮಿಗೂ ಬುಷ್ಷಿಗೂ (ಸಸ್ಪೆನ್ಷನ್ನಿನ ಕೀಲುಗಳ ರಬ್ಬರು) ಹೋಗುತ್ತದೆ. ಜಂಬಿಟ್ಟಿಗೆ ಕಲ್ಲಿನ ಅಂಚು ಪಕ್ಕಕ್ಕೆ ಕೊಯ್ದರೆ ಪಂಚರ್ ಹಾಕಲು ಬರುವುದಿಲ್ಲ, ಹೊಸದೇ ಬೇಕು. ಆ ಅಳತೆಯ ರನ್‌ಫ್ಲ್ಯಾಟನ್ನು ಇಲ್ಲಿಯ ಅಂಗಡಿಯವರು ದಾಸ್ತಾನಿಡುವುದಿಲ್ಲ, ತರಿಸಬೇಕು. ಮಾಮೂಲಿ ಟೈರು ಹಾಕಿಸಿ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ, ಜಾಕು ಇಟ್ಟುಕೊಳ್ಳುವುದು ಮಲೆನಾಡಿಗೆ ಲೇಸು. ವೀಲ್ ಲಾಕಿನ ಕೀ ಡಿಕ್ಕಿಯಲ್ಲಿದೆಯೇ ಈಗಲೇ ನೋಡಿ. ಅದಿಲ್ಲದಿದ್ದರೆ ಸ್ಟೆಪ್ನಿ ಇದ್ದೂ ದಾರಿಯಲ್ಲಿ ಕೈಕಟ್ಟಿ ನಿಲ್ಲಬೇಕು.

ಟೈರಿನ ಮೇಲೆ ನಾಲ್ಕಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಮೇಲೆ ಹೊಳಪು ಹಚ್ಚಿದ ಟೈರೂ ಅಲ್ಲಿ ವಯಸ್ಸು ಬಿಟ್ಟುಕೊಡುತ್ತದೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದು ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೇನು ಬರವೇ? ತೇವ ಕುಡಿದ ಆಯಿಲ್ ಹುಲಿಕಲ್ ಘಾಟಿ ಇಳಿಯುವಾಗ ಬಿಸಿಗೆ ಕುದಿದು ಗುಳ್ಳೆ ಕಟ್ಟಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಆಟೋಮ್ಯಾಟಿಕ್ ಎಂದು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತ ಇಳಿಯಬೇಡಿ. ಗೇರನ್ನು ಕೈಯಲ್ಲಿ ಎರಡಕ್ಕೋ ಮೂರಕ್ಕೋ ತನ್ನಿ. ಹಿಂದಿನ ಪ್ಯಾಡ್ ಬದಲಿಸುವಾಗ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕನ್ನು ಸ್ಕ್ಯಾನರಿನಿಂದ ಸರ್ವೀಸ್ ಸ್ಥಿತಿಗೆ ತರಬೇಕು. ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ಮೋಟಾರ್ ಮುರಿಯುತ್ತದೆ.

ಗಾಡಿ ಕೆಟ್ಟರೆ ಫ್ಲ್ಯಾಟ್‌ಬೆಡ್ಡಿನಲ್ಲೇ ಸಾಗಿಸಿ. ಹಿಂದಿನ ಚಕ್ರದ ಡ್ರೈವ್ ಇರುವ ಆಟೋಮ್ಯಾಟಿಕ್ಕನ್ನು ಜೀಪಿಗೆ ಹಗ್ಗ ಕಟ್ಟಿ ಎಳೆಸಿದರೆ ಗೇರ್‌ಬಾಕ್ಸಿಗೆ ಆಯಿಲ್ ಹೋಗುವುದಿಲ್ಲ. ಶಿವಮೊಗ್ಗದಿಂದ ಬೆಂಗಳೂರು 300 ಕಿ.ಮೀ., ಬಾಡಿಗೆ ಕೇಳುವುದು ಹೋಗಿಬರುವ 600ಕ್ಕೆ.

– ಟೈರ್, ಅಲೈನ್‌ಮೆಂಟ್ ಕೆಲಸದ ಓದುಗರು, ಸಾಗರ

*

ನಿಮ್ಮ ಮನೆಯವರ ಪರವಾಗಿ ಒಂದು ಲೆಕ್ಕ. ಮೊದಲ ವರ್ಷ: ಗೇರ್‌ಬಾಕ್ಸ್ ಸರ್ವೀಸಿಗೆ 60 ಸಾವಿರ, ನಾಲ್ಕು ಟೈರಿಗೆ 80, ಮುಂದೆ ಹಿಂದೆ ಬ್ರೇಕ್ ಡಿಸ್ಕು ಪ್ಯಾಡಿಗೆ 70, ಮುಂದಿನ ಆರ್ಮ್ ಬುಷ್ಷಿಗೆ 50, ಬ್ಯಾಟರಿಗೆ 28. ಅಂದಾಜೇ ಸರಿ, ಅಂಗಡಿಯಿಂದ ಅಂಗಡಿಗೆ ಏರಿಳಿಯುತ್ತದೆ. ಕೂಡಿದರೆ 2 ಲಕ್ಷದ 88 ಸಾವಿರ. ಯಾವುದೂ ‘ಕೆಟ್ಟದ್ದಲ್ಲ’, ಸವೆದದ್ದು ಅಷ್ಟೇ. ಇನ್ಶೂರೆನ್ಸ್, ಡೀಸೆಲ್ ಇದರಲ್ಲಿಲ್ಲ. ಚೈನಿನ ಕೆಲಸವೂ ಇಲ್ಲ. ಮಗನಿಗೆ ಈ ಚೀಟಿ ತೋರಿಸಿ.

ಬ್ಯಾಟರಿ ಎಂದಾಗ ನೆನಪಾಯಿತು. ಹೊಸದು ಹಾಕಿದ ಮೇಲೆ ಅದನ್ನು ಸ್ಕ್ಯಾನರಿನಿಂದ ಗಾಡಿಗೆ ನೋಂದಾಯಿಸಬೇಕು. ಇಲ್ಲದಿದ್ದರೆ ಗಾಡಿ ಹಳೇ ಬ್ಯಾಟರಿ ಎಂದೇ ತಿಳಿದು ಚಾರ್ಜ್ ಮಾಡಿ ಹೊಸದನ್ನೂ ಬೇಗ ಕೊಲ್ಲುತ್ತದೆ.

– ಮನೆಯ ಲೆಕ್ಕ ಬರೆಯುವ ಓದುಗರು, ಹೊಸನಗರ

*

ಅಡಿಕೆ ಮನೆಯ ಪಕ್ಕ ನಿಲ್ಲಿಸುತ್ತೀರಾದರೆ ಇಲಿ, ಹೆಗ್ಗಣದ ಬಗ್ಗೆ ಯಾರೂ ಹೇಳಿರಲಾರರು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಮಣ್ಣು ರಸ್ತೆಯ ದಿಂಡಿಗೆ ತಾಗಿ ಹರಿದರೆ ಇಲಿಗೆ ಅದೇ ಬಾಗಿಲು. ಒಂದು ವೈರು ಕಡಿದರೂ ಐದು ವಾರ್ನಿಂಗ್ ಲೈಟು. ರಾತ್ರಿ ಬಾನೆಟ್ ತೆರೆದಿಟ್ಟು ಮೇಲೊಂದು ಬಲ್ಬು ಉರಿಸಿ, ತಟ್ಟೆ ಹರಿದರೆ ಕೂಡಲೇ ಬದಲಿಸಿ. ಇಲಿ ಕಡಿದ ನಷ್ಟ ಪಾಲಿಸಿಯಲ್ಲಿ ಬರುತ್ತದೆಯೇ ಎಂದು ಬರಹದಲ್ಲೇ ಕೇಳಿ.

– ಓದುಗರು, ಕೊಪ್ಪ

*

ಎಲ್ಲರೂ ಬೇಡ ಎನ್ನಬಹುದು. ನಾನು ಬೇಡ ಎನ್ನುವುದಿಲ್ಲ, ‘ಇದೇ ಗಾಡಿ’ ಎಂಬ ಹಟ ಬೇಡ ಎನ್ನುತ್ತೇನೆ. ದಿನದ ಪೇಟೆ ಓಡಾಟಕ್ಕೆ ಈಗಿರುವ ಗಾಡಿ ಇರಲಿ, ಇದು ಶಿವಮೊಗ್ಗ, ಬೆಂಗಳೂರಿಗೆ ಮಾತ್ರ ಎಂದಾದರೆ ಅರ್ಧ ತೊಂದರೆ ಕಳೆಯಿತು. ಹತ್ತೂವರೆ ಲಕ್ಷದ ಒಳಗೆ ಗಾಡಿ, ಮೂರು ಲಕ್ಷ ಬ್ಯಾಂಕಿನಲ್ಲಿ ಅದಕ್ಕೇ ಎಂದು ಮೀಸಲು. ಪೆಟ್ರೋಲ್ ತಗೊಂಡರೆ ಪಾರು ಎನ್ನುವವರನ್ನು ನಂಬಬೇಡಿ. ಅದೇ ಕಾಲದ ಎನ್20 ಪೆಟ್ರೋಲ್ ಎಂಜಿನ್ನಿನಲ್ಲೂ ಚೈನಿನ ಪ್ಲಾಸ್ಟಿಕ್ ಗೈಡ್ ಒಡೆಯುವ ದೂರಿದೆ. ಏರ್ ಸಸ್ಪೆನ್ಷನ್ ಇರುವ ದೊಡ್ಡ ಎಸ್‌ಯುವಿಗಳತ್ತ ಮನಸ್ಸು ಹೊರಳಿದರೆ, ರಾತ್ರಿಯಿಡೀ ನಿಂತ ಗಾಡಿಯ ನಾಲ್ಕೂ ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ ಟೇಪು ಹಿಡಿಯಿರಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿಯ ರಬ್ಬರ್ ಚೀಲ ಬಿರಿದಿದೆ, ಗಾಳಿ ತುಂಬಿ ತುಂಬಿ ಕಂಪ್ರೆಸರೂ ಸುಡುವ ಹಾದಿಯಲ್ಲಿದೆ.

ನೀರು ಕುಡಿದ ಗಾಡಿಯನ್ನು ಗುರುತಿಸಲು ಕಲಿಯಿರಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನೆರೆ ಬಂದಾಗ ದುಬಾರಿ ಕಾರುಗಳೂ ಮುಳುಗಿದ್ದವು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ಬುಡದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಹಳಿಯ ಬೋಲ್ಟಿಗೆ ತುಕ್ಕಿದೆಯೇ ನೋಡಿ, ಕಾರ್ಪೆಟ್ಟಿನ ಕೆಳಗಿನ ಸ್ಪಂಜನ್ನು ಹಿಚುಕಿ ಮೂಸಿ. ಸೆಂಟಿನ ಘಮ ಅತಿಯಾಗಿದ್ದರೆ ಇನ್ನೂ ಜೋರಾಗಿ ಮೂಸಿ.

ಸನ್‌ರೂಫ್ ಇದ್ದರೆ ನಾಲ್ಕು ಮೂಲೆಗೂ ನೀರಿಳಿಯುವ ಸಣ್ಣ ಕೊಳವೆಗಳಿರುತ್ತವೆ. ಮರದಡಿ ನಿಲ್ಲಿಸಿದರೆ ತರಗೆಲೆ ಪುಡಿಯಾಗಿ ಅವು ಕಟ್ಟಿಕೊಳ್ಳುತ್ತವೆ, ಪುಷ್ಯ ಮಳೆಯ ನೀರು ದಾರಿ ತಪ್ಪಿ ಡಿಕ್ಕಿಯ ಬ್ಯಾಟರಿ, ಮಾಡ್ಯೂಲುಗಳ ಮೇಲೆ ಇಳಿಯುತ್ತದೆ. ಸನ್‌ರೂಫ್ ತೆರೆದು ಒಂದೊಂದು ಮೂಲೆಗೂ ಅರ್ಧ ಲೋಟ ನೀರನ್ನು ಮೆಲ್ಲಗೆ ಬಿಡಿ, ಮಗನನ್ನು ಗಾಡಿಯ ಪಕ್ಕ ಕೂರಿಸಿ. ನೆಲಕ್ಕೆ ನೀರು ಬೀಳಬೇಕು. ಬೀಳದಿದ್ದರೆ ಡಿಕ್ಕಿ ತೆಗೆದು, ಬ್ಯಾಟರಿಯ ಪಕ್ಕ ಕೈಯಾಡಿಸಿ ಒದ್ದೆಯಿದೆಯೇ ನೋಡಿ.

– ಓದುಗರು, ಶೃಂಗೇರಿ