ಪದಚರ್ಚೆ: ‘ಫ್ರಾತ್ಸಿಯೋನೆ’ಗೆ ‘ಮಜರೆ’ ಸಲ್ಲುತ್ತದೆಯೇ? ‘ಫು’ಗೆ ‘ಬಿನ್ ಲೇಟ್’?

ಗೆಳೆಯರಿಗೆ ನಮಸ್ಕಾರ.

ಕೇಳಬೇಕಾದದ್ದು ಎರಡೇ ಪದ: ಹಳೆಯ ಇಟಲಿ ದಾಖಲೆಯೊಂದರಲ್ಲಿ ಸಿಕ್ಕ ‘ಫ್ರಾತ್ಸಿಯೋನೆ’ ಮತ್ತು ‘ಫು’, ಇವಕ್ಕೆ ಕನ್ನಡದಲ್ಲಿ ಏನು ಬರೆಯುವುದು ಎಂದು. ಆದರೆ ಹಿನ್ನೆಲೆ ಹೇಳದಿದ್ದರೆ ಈ ಮುದುಕನಿಗೆ ಇಟಲಿ ಭಾಷೆಯ ಗೊಡವೆ ಯಾಕೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಳಿಯಂದಿರು ಅಲ್ಲೇ ಹುಟ್ಟಿ ಬೆಳೆದವರು, ಮನೆತನ ಇಟಲಿ ಕಡೆಯದು. ಅವರ ಮುತ್ತಜ್ಜ 1910ರಲ್ಲಿ ನೇಪಲ್ಸ್‌ನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದವರು. ಮೊಮ್ಮಗಳಿಗಾಗಿ ಎರಡೂ ಕಡೆಯ ಹಿರಿಯರ ಕಾಗದಪತ್ರ ಒಂದೇ ಪುಸ್ತಕದಲ್ಲಿ, ಕನ್ನಡದಲ್ಲೂ ಇರಬೇಕು ಎಂಬುದು ಮಗಳ ಹಟ. ಮೂವತ್ತು ವರ್ಷ ಗ್ರಾಮಲೆಕ್ಕಿಗನಾಗಿ ಪಹಣಿ ಬರೆದವನಿಗೆ ಇದೇನು ಮಹಾ ಎಂದು ಒಪ್ಪಿಕೊಂಡೆ. ಅಲ್ಲಿಂದ ಶುರುವಾಯಿತು.

ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಊರಿನ ಹೆಸರು ‘ಕಸ್ತಲ್‌ವೆತ್ರಿ’. ಬರೆದಿಟ್ಟವರು ಯಾರೂ ಇಲ್ಲ. ನಮ್ಮ ಬೀಗಿತ್ತಿ ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದು ಅಷ್ಟೇ. ಭೂಪಟ ತೆಗೆದರೆ ಸಿಸಿಲಿಯಲ್ಲಿ ಕಸ್ತೆಲ್‌ವೆತ್ರಾನೊ ಎಂಬ ದೊಡ್ಡ ಊರು ಕಾಣುತ್ತದೆ. ಇದೇ ಇರಬೇಕು ಎಂದು ಅಳಿಯಂದಿರು ಎರಡು ತಿಂಗಳು ಅಲ್ಲಿನ ಹಳೆಯ ದಾಖಲೆಗಳನ್ನು ಜಾಲಾಡಿದರು. ಅಡ್ಡಹೆಸರು ಒಂದೇ ಒಂದು ಸಲವೂ ಸಿಗಲಿಲ್ಲ. ಆಮೇಲೆ ತಿಳಿದದ್ದು, ಹೆಸರು ಕಸ್ತೆಲ್‌ವೆತೆರೆ ಇರಬಹುದು ಎಂದು. ‘ಕಸ್ತೆಲ್’ ಎಂದರೆ ಕೋಟೆ, ‘ವೆತೆರೆ’ ಎಂದರೆ ಹಳೆಯದು. ನಮ್ಮ ಹಳೇಕೋಟೆಯೇ. ಹಳೇಕೋಟೆ ಒಂದೇ ಇರುತ್ತದೆಯೇ? ಒಂದು ಕಾಲೋರೆ ನದಿಯ ಕಡೆಯದು, ಅವೆಲ್ಲೀನೊ ಜಿಲ್ಲೆ. ಇನ್ನೊಂದು ಫೊರ್ತೋರೆ ಕಣಿವೆಯದು, ಬೆನೆವೆಂತೊ ಜಿಲ್ಲೆ. ನಮ್ಮಲ್ಲಿ ಹೊಸಹಳ್ಳಿ ಎಂದಾಗ ತಾಲ್ಲೂಕು ಯಾವುದು, ಹೋಬಳಿ ಯಾವುದು ಎಂದು ಕೇಳುವುದಿಲ್ಲವೇ, ಹಾಗೆ.

ಉತ್ತರ ಇವೆರಡರಲ್ಲೂ ಇರಲಿಲ್ಲ. 1917ರ ಜೂನ್ 5ರಂದು ಅಮೆರಿಕದಲ್ಲಿ ಸೇನೆಯ ಕಡ್ಡಾಯ ನೋಂದಣಿ ನಡೆಯಿತು. 21ರಿಂದ 30 ವರ್ಷದ ಗಂಡಸರೆಲ್ಲ, ಪೌರತ್ವ ಇಲ್ಲದವರೂ, ಕಾರ್ಡು ತುಂಬಬೇಕಿತ್ತು. ಆ ಕಾರ್ಡಿನಲ್ಲಿ ಹುಟ್ಟಿದ ಊರಿನ ಕಾಲಂ ಇದೆ. ಮುತ್ತಜ್ಜನ ಕಾರ್ಡಿನಲ್ಲಿ ಅಲ್ಲಿ ಬರೆದಿರುವುದು ‘ಕೌಲೋನಿಯಾ, ರೆಜ್ಜೊ’. ಮನೆಯವರ ಪ್ರಕಾರ ಅದು ಬೇರೆಯವರ ಕಾರ್ಡು. ಹುಟ್ಟಿದ ತಾರೀಖು ಅವರದೇ, ಊರು ಮಾತ್ರ ಬೇರೆ!

ನನಗೆ ಕಚೇರಿಯ ವಾಸನೆ ಬಡಿದದ್ದು ಇಲ್ಲಿ. ಊರಿನ ಹೆಸರು ಬದಲಾಗಿರಬಹುದು ನೋಡಿ ಎಂದೆ. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಒಂದೇ ಹೆಸರಿನ ಊರುಗಳು ನೂರಾರು ಎದುರಾದವು. ಅಂಚೆಗೂ ತೊಂದರೆ, ಆಡಳಿತಕ್ಕೂ ತೊಂದರೆ. ಹಾಗಾಗಿ ಹೆಸರಿಗೆ ಬಾಲ ಸೇರಿಸಿಕೊಳ್ಳಿ, ಇಲ್ಲವೇ ಹೊಸ ಹೆಸರು ಇಟ್ಟುಕೊಳ್ಳಿ ಎಂದು ಸರಕಾರ ಹೇಳಿತು. ಕೆಲವು ಊರು ನದಿಯ ಹೆಸರು ಸೇರಿಸಿಕೊಂಡವು. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದ (ಕಾರ್ಡಿನ ರೆಜ್ಜೊ ಅಲ್ಲಿನ ಜಿಲ್ಲೆ) ಕಸ್ತೆಲ್‌ವೆತೆರೆ 1863ರಲ್ಲಿ ಹಳೆಯ ಹೆಸರನ್ನೇ ಬಿಟ್ಟು ಕೌಲೋನಿಯಾ ಆಯಿತು, ಪ್ರಾಚೀನ ಗ್ರೀಕ್ ನಗರವೊಂದರ ನೆನಪಿಗೆ. (ಆ ಗ್ರೀಕ್ ನಗರದ ಅವಶೇಷಗಳನ್ನು ಪಾವೊಲೊ ಓರ್ಸಿ ಎಂಬ ಪುರಾತತ್ವಜ್ಞ ಆಮೇಲೆ ಅಗೆದು ತೆಗೆದದ್ದು ಪಕ್ಕದ ಮೊನಸ್ತೆರಾಚೆಯಲ್ಲಿ. ಅಂದರೆ ಇವರು ನೆರೆಯೂರಿನ ಕೀರ್ತಿಯನ್ನು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡಿದ್ದರು.) ಕಾಗದದಲ್ಲಿ ಹೆಸರು ಬದಲಾಗಿ ಅರ್ಧ ಶತಮಾನವಾದರೂ ಜನರ ನಾಲಿಗೆಯಲ್ಲಿ ಹಳೆಯದೇ ಉಳಿದಿತ್ತು. ರಾಮನಗರವನ್ನು ಕ್ಲೋಸ್‌ಪೇಟೆ ಎನ್ನುತ್ತಿದ್ದ ಹಿರಿಯರನ್ನು ನೀವೂ ಕಂಡಿರುತ್ತೀರಿ. ಕಾರ್ಡಿನ ಗುಮಾಸ್ತನ ಮುಂದೆ ಮುತ್ತಜ್ಜ ಸರಕಾರಿ ಹೆಸರು ಹೇಳಿದರು, ಹೆಂಡತಿಯ ಹತ್ತಿರ ಮಾತಾಡುವಾಗ ಮನೆಯ ಹೆಸರು ಹೇಳಿದರು. ಎರಡೂ ನಿಜ.

ಆ ಊರಿನ ಕಚೇರಿಗೆ ಬರೆದು ಮುತ್ತಜ್ಜನ ಜನನ ದಾಖಲೆಯ ನಕಲು ತರಿಸಿದ್ದಾಯಿತು. ನೀವು ಯಾರಾದರೂ ತರಿಸುವುದಿದ್ದರೆ ಸಾರಾಂಶದ ನಕಲು ಬೇಡ, ‘ಕೋಪಿಯಾ ಇಂತೆಗ್ರಾಲೆ’, ಅಂದರೆ ಪೂರ್ತಿ ನಕಲು ಎಂದೇ ಕೇಳಿ. ಅಂಚಿನಲ್ಲಿ ಬರೆದ ಟಿಪ್ಪಣಿ ಸಾರಾಂಶದಲ್ಲಿ ಬಿಟ್ಟುಹೋಗಬಹುದು. ದಾಖಲೆ 1889ರದು. ತಾರೀಖು, ಇಸವಿ ಎಲ್ಲ ಅಕ್ಷರದಲ್ಲೇ ಇವೆ. ತಂದೆ ಖುದ್ದಾಗಿ ಹಾಜರಾಗಿ, ಮಗುವನ್ನು ತೋರಿಸಿ, ಹೆಸರು ಬರೆಸಿದ ಎಂಬ ಒಕ್ಕಣೆ. ನಮ್ಮ ಮಹಜರಿನ ಧಾಟಿ ಕಂಡು ಖುಷಿಯಾಯಿತು.

ಈಗ ಪದಗಳಿಗೆ ಬರುತ್ತೇನೆ.

ದಾಖಲೆಯ ಪ್ರಕಾರ ಮಗು ಹುಟ್ಟಿದ್ದು ಕೌಲೋನಿಯಾದಲ್ಲಿ ಅಲ್ಲ, ಅದರ ‘ಫ್ರಾತ್ಸಿಯೋನೆ’ ಊರ್ಸಿನಿಯಲ್ಲಿ. ಪದದ ನೇರ ಅರ್ಥ ತುಂಡು, ಭಾಗ. ಇಟಲಿಯ ಆಡಳಿತದ ತಳದ ಘಟಕ ‘ಕೊಮೂನೆ’. ರೋಮ್ ನಗರವೂ ಕೊಮೂನೆ, ನೂರು ಜನರಿಲ್ಲದ ಬೆಟ್ಟದೂರೂ ಕೊಮೂನೆ. ಹಾಗಾಗಿ ಅದನ್ನು ಗ್ರಾಮ ಪಂಚಾಯಿತಿ ಎಂದರೂ ತಪ್ಪು, ಪುರಸಭೆ ಎಂದರೂ ತಪ್ಪು. ಕೊಮೂನೆ ಎಂದೇ ಬಿಟ್ಟಿದ್ದೇನೆ. ಆದರೆ ಫ್ರಾತ್ಸಿಯೋನೆಗೆ ನಮ್ಮಲ್ಲಿ ಪದ ಇದೆ ಎಂದು ನನ್ನ ವಾದ. ಮುಖ್ಯ ಊರಿಗೆ ಸೇರಿದ, ಆದರೆ ಅದರಿಂದ ದೂರ ನಿಂತ, ತನ್ನದೇ ಹೆಸರು ಮತ್ತು ಗುಡಿ ಇರುವ, ತನ್ನದೇ ಲೆಕ್ಕಪತ್ರ ಇಲ್ಲದ ಸಣ್ಣ ಊರು. ಕಂದಾಯ ಗ್ರಾಮದ ಮಜರೆ ಅಲ್ಲದೆ ಇದು ಇನ್ನೇನು? ನಿಘಂಟು ತೆಗೆದರೆ ‘ಕುಗ್ರಾಮ’ ಎಂದು ಕೊಡುತ್ತದೆ. ಬೀಗರ ಮುತ್ತಜ್ಜ ಕುಗ್ರಾಮದಲ್ಲಿ ಹುಟ್ಟಿದರು ಎಂದು ಬರೆದರೆ ನನ್ನ ಕಥೆ ಮುಗಿಯಿತು. ‘ಉಪಗ್ರಾಮ’ ಎಂದರೆ ಸರಕಾರಿ ಫಲಕದ ಹಾಗೆ ಕೇಳುತ್ತದೆ. ಮಜರೆ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಉಳುಮೆಯ ಹೊಲ ಎಂಬ ಅರ್ಥ. ಹೊಲದ ಬದಿಯಲ್ಲಿ ನಾಲ್ಕು ಮನೆ ಎದ್ದು ಊರಾದ ಚಿತ್ರ ಅದರಲ್ಲೇ ಇದೆ.

ನನ್ನ ಅನುಮಾನ ಇಷ್ಟೇ. ಹಳೆ ಮೈಸೂರಿನ ಕಂದಾಯದವರಿಗೆ ಮಜರೆ ನಾಲಿಗೆ ತುದಿಯ ಮಾತು. ಇಲಾಖೆಯ ಹೊರಗಿನ ಓದುಗರಿಗೆ ಇದು ತಿಳಿಯುತ್ತದೆಯೇ? ಕರಾವಳಿಯಲ್ಲಿ, ಕಲಬುರಗಿ ಕಡೆ ಇದಕ್ಕೆ ಏನು ಹೇಳುತ್ತೀರಿ? ಕೊಪ್ಪಲು, ಪಾಳ್ಯ, ದೊಡ್ಡಿ, ಹಟ್ಟಿ ಇವೆಲ್ಲ ಜಾಗದ ಬಗೆಯನ್ನು ಹೇಳುತ್ತವೆಯೇ ಹೊರತು ಮುಖ್ಯ ಊರಿನ ಜೊತೆಗಿನ ಸಂಬಂಧವನ್ನು ಹೇಳುವುದಿಲ್ಲ.

ಎರಡನೆಯದು ‘ಫು’. ಮಗುವಿನ ತಂದೆಯ ಹೆಸರಾದ ಮೇಲೆ ‘ಫು ದೊಮೆನಿಕೊ’ ಎಂದಿದೆ, ದೊಮೆನಿಕೊ ಆ ತಂದೆಯ ಅಪ್ಪ. ಅಳಿಯಂದಿರು ಇದನ್ನೂ ಹೆಸರಿನ ಭಾಗ ಎಂದುಕೊಂಡಿದ್ದರು. ‘ದಿ ದೊಮೆನಿಕೊ’ ಎಂದಿದ್ದರೆ ದೊಮೆನಿಕೊನ ಮಗ, ಅಪ್ಪ ಬದುಕಿದ್ದಾನೆ. ‘ಫು’ ಎಂದರೆ ಅಪ್ಪ ತೀರಿಕೊಂಡಿದ್ದಾನೆ. ವಂಶವೃಕ್ಷ ಬರೆಯುವವರಿಗೆ ಎರಡಕ್ಷರದ ಈ ಪದ ಚಿನ್ನದ ತುಂಡು. ಅದೇ ತಂದೆಗೆ ದೊಡ್ಡ ಮಗಳು ಹುಟ್ಟಿದ 1884ರ ದಾಖಲೆಯಲ್ಲಿ ‘ದಿ’, 1889ರಲ್ಲಿ ‘ಫು’. ಆ ಐದು ವರ್ಷದ ಮರಣದ ಪುಸ್ತಕ ತಿರುವಿದರೆ ದೊಮೆನಿಕೊ ಸಿಗಬೇಕು. ಇಟಲಿಯ ಸರಕಾರಿ ಕಾಗದಗಳಲ್ಲಿ ಹೀಗೆ ಅಪ್ಪನ ಹೆಸರು ಹಾಕುವ ರೂಢಿಯನ್ನು 1955ರ ಕಾನೂನು ತೆಗೆದುಹಾಕಿತು.

ಪಹಣಿ ಓದಿದವರಿಗೆ ಇದರ ಕನ್ನಡ ಥಟ್ಟನೆ ಹೊಳೆಯುತ್ತದೆ. ನಂಜಪ್ಪ ಬಿನ್ ಸಿದ್ದಪ್ಪ, ಅಂದರೆ ಸಿದ್ದಪ್ಪನ ಮಗ ನಂಜಪ್ಪ. ನಂಜಪ್ಪ ಬಿನ್ ಲೇಟ್ ಸಿದ್ದಪ್ಪ. ಹೆಂಗಸರಿಗೆ ‘ಕೋಂ’, ಇಂಥವರ ಹೆಂಡತಿ ಎಂದು. (ಇಟಲಿಯವರಲ್ಲಿ ಕೋಂ ಸಾಲದು. ಅಲ್ಲಿನ ಹೆಣ್ಣುಮಕ್ಕಳು ಮದುವೆಯ ನಂತರವೂ ದಾಖಲೆಯಲ್ಲಿ ತವರಿನ ಅಡ್ಡಹೆಸರಿನಲ್ಲೇ ಇರುತ್ತಾರೆ, ಹುಡುಕುವವರ ಪುಣ್ಯ.) ಅರಬ್ಬಿಯ ಬಿನ್, ಇಂಗ್ಲಿಷಿನ ಲೇಟ್, ನಡುವೆ ನಮ್ಮ ಸಿದ್ದಪ್ಪ. ಕಚೇರಿಯ ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ. ಆದರೆ ಮಗಳು ಒಪ್ಪುತ್ತಿಲ್ಲ. “ಅಪ್ಪ, ಇದು ಪುಸ್ತಕ, ಆರ್‌ಟಿಸಿ ಅಲ್ಲ” ಎನ್ನುತ್ತಾಳೆ. ‘ದಿವಂಗತ’ ಹಾಕು ಎಂದು ಅವಳ ಸಲಹೆ. ನನಗೆ ಅದು ಹಿಡಿಸದು. ‘ಫು’ ಎಂಬುದು ‘ಇರು’ ಧಾತುವಿನ ಭೂತಕಾಲದ ರೂಪ. ‘ಇದ್ದ’ ಎಂದಷ್ಟೇ ಅರ್ಥ. ಸತ್ತವನನ್ನು ಸ್ವರ್ಗಕ್ಕೂ ಕಳಿಸುವುದಿಲ್ಲ, ಕೀರ್ತಿಯನ್ನೂ ಕೊಡುವುದಿಲ್ಲ. ಇದ್ದ, ಈಗ ಇಲ್ಲ. ‘ಗತಿಸಿದ ದೊಮೆನಿಕೊನ ಮಗ’ ಎಂದರೆ ಸಾಕೇ? ಹಳಗನ್ನಡದ ಶಾಸನಗಳಲ್ಲಿ ತೀರಿಹೋದ ತಂದೆಯನ್ನು ಬರೀ ಹೀಗೆ ಸೂಚಿಸುವ ಚಿಕ್ಕ ಮಾತು ಇದ್ದರೆ ಶಾಸನ ಬಲ್ಲವರು ದಯವಿಟ್ಟು ತಿಳಿಸಿ.

ಉಳಿದವು ಸಣ್ಣಪುಟ್ಟವು. ‘7ಬ್ರೆ’ ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. ‘ಸೆತ್ತೆ’ ಎಂದರೆ ಏಳು, ಹಾಗಾಗಿ ‘ಸೆತ್ತೆಂಬ್ರೆ’. ಹಾಗೆಯೇ 8ಬ್ರೆ ಅಕ್ಟೋಬರ್. ತಂದೆಯ ಕಸುಬು ‘ಬ್ರಚ್ಚಾಲೆ’. ‘ಬ್ರಾಚ್ಚೊ’ ಎಂದರೆ ತೋಳು, ಹೊಲ ಇಲ್ಲದೆ ರಟ್ಟೆಯನ್ನೇ ನಂಬಿದವನು. ‘ಕೂಲಿ’ ಎಂದು ಬರೆದಿದ್ದೇನೆ, ರಟ್ಟೆ ಕಳೆದುಹೋಯಿತು.

ಇನ್ನೊಂದು ಪದಕ್ಕೆ ಮಾತ್ರ ನಿಮ್ಮ ಸಹಾಯ ಬೇಡ, ಹೇಳದೆ ಇರಲಾರೆ ಅಷ್ಟೇ. ಮುತ್ತಜ್ಜನಿಗೆ ತಂಗಿ ಬರೆದ ಕಾಗದವೊಂದು ಮನೆಯಲ್ಲಿದೆ. ‘ಅಲ್ ಪಯೇಸೆ’ ಯಾರೂ ಉಳಿದಿಲ್ಲ ಎಂದು ಅದರಲ್ಲಿ ಬರುತ್ತದೆ. ಕಂಪ್ಯೂಟರು ಅದನ್ನು ‘ದೇಶದಲ್ಲಿ’ ಎಂದು ಅನುವಾದಿಸಿತ್ತು. ಇಟಲಿ ಖಾಲಿಯಾಗಿತ್ತೇ ಎಂದು ಮನೆಯವರು ನಕ್ಕು ಆ ಕಾಗದವನ್ನು ಪಕ್ಕಕ್ಕಿಟ್ಟಿದ್ದರು. ಪಯೇಸೆಗೆ ದೇಶ ಎಂಬ ಅರ್ಥವೂ ಇದೆ, ಹಳ್ಳಿ ಎಂಬ ಅರ್ಥವೂ ಇದೆ. ಲ್ಯಾಟಿನ್ನಿನ ‘ಪಾಗುಸ್’, ಅಂದರೆ ಹಳ್ಳಿಗಾಡಿನ ಸೀಮೆ, ಅದರ ಮೂಲ. ಒಂದು ಸೀಮೆಯೂ ಒಂದು ದೇಶವೂ ಒಂದೇ ಪದದಲ್ಲಿ ಅಡಗುವುದು ನಮ್ಮ ‘ನಾಡು’ ಬಲ್ಲವರಿಗೆ ಹೊಸದೇನಲ್ಲ. ಆದರೆ ಈ ತಂಗಿಯ ಬಾಯಲ್ಲಿ ಅದು ನಾಡೂ ಅಲ್ಲ. “ಊರಲ್ಲಿ ಯಾರೂ ಇಲ್ಲಣ್ಣ, ಎಲ್ಲ ಹೋದರು.” ಅಷ್ಟೇ. ಆ ಸಾಲನ್ನು ಕನ್ನಡಕ್ಕೆ ತರಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮಜರೆ ಮತ್ತು ಫು, ಇವೆರಡಕ್ಕೆ ಈ ತಿಂಗಳೊಳಗೆ ಉತ್ತರ ಬಂದರೆ ಉಪಕಾರ. ಬೀಗಿತ್ತಿ ಮುಂದಿನ ತಿಂಗಳು ಊರ್ಸಿನಿಗೆ ಹೊರಟಿದ್ದಾರೆ. ಪುಸ್ತಕದ ಒಂದು ಪ್ರತಿಯನ್ನು ಅಲ್ಲಿನ ಚರ್ಚಿನಲ್ಲಿ ಇಟ್ಟು ಬರುತ್ತಾರಂತೆ, ಕನ್ನಡದ ಪುಟಗಳ ಸಮೇತ.