ಮುಚ್ಚಿದ ಮಾನಸಿಕ ಆಸ್ಪತ್ರೆಯ ಛಾಯಾಗ್ರಹಣ: ಸಲಹೆ ಬೇಕು

ಪ್ರಶ್ನೆ (ಹಾಸನ): ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚನ್ನು ಹಲವು ಮಳೆಗಾಲಗಳಲ್ಲಿ ಚಿತ್ರೀಕರಿಸಿರುವ ನಾನು, ಈಗ ಪಾಳುಬಿದ್ದಿರುವ ಮಾನಸಿಕ ಆಸ್ಪತ್ರೆಯೊಂದರ ಒಳಗೆ ಚಿತ್ರ ತೆಗೆಯಲು ಲಿಖಿತ ಅನುಮತಿ ಪಡೆದಿದ್ದೇನೆ. ಯಾವ ಎಚ್ಚರ ವಹಿಸಬೇಕು?

ಉತ್ತರ (ಚಿಕ್ಕಮಗಳೂರು): ಒಬ್ಬರೇ ಹೋಗಬೇಡಿ ಸರ್. ಟ್ರೈಪಾಡ್ ಬಳಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100ರಲ್ಲಿಟ್ಟು, ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ದೀರ್ಘ ಎಕ್ಸ್‌ಪೋಶರ್ ಕೊಡಿ. ಫ್ಲ್ಯಾಶ್ ಹಾಕಿದರೆ ಕಿಟಕಿ ಸರಳುಗಳ ನೆರಳೇ ಅಳಿಸಿಹೋಗುತ್ತದೆ. ಒಡೆದ ಆಸ್ಬೆಸ್ಟಾಸ್ ಶೀಟಿನ ಧೂಳನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ.

ಉತ್ತರ (ಸಕಲೇಶಪುರ): ಅದಕ್ಕಿಂತ ಮುಖ್ಯವಾದದ್ದು ಅಲ್ಲಿದ್ದವರ ಗೌರವ. ಕಡತಗಳು ನೆಲದಲ್ಲಿ ಚೆಲ್ಲಿದ್ದರೂ ತೆರೆಯಬೇಡಿ, ಚಿತ್ರ ತೆಗೆಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ನನ್ನ ಚಿಕ್ಕಮ್ಮ ಅಂಥದೊಂದು ವಾರ್ಡಿನಲ್ಲಿ ಎರಡು ವರ್ಷ ಇದ್ದವರು. ಅವರು ಮಲಗಿದ್ದ ಮಂಚದ ಚಿತ್ರಕ್ಕೆ ಯಾರಾದರೂ ‘ಭೂತಬಂಗಲೆ’ ಎಂದು ಶೀರ್ಷಿಕೆ ಕೊಟ್ಟರೆ ನನಗೆ ಸಹಿಸಲಾಗದು.