ಗಂಡ ಸಹಿ ಹಾಕುವುದಿಲ್ಲ ಎನ್ನುತ್ತಿದ್ದಾರೆ: ಎರಡು ವರ್ಷದ ಗ್ರೀನ್ ಕಾರ್ಡ್ ಏನಾಗುತ್ತದೆ?

ಸಾಗರದವಳು (ಸೆಪ್ಟೆಂಬರ್ 2025)

ನಮ್ಮ ಮದುವೆ 2022ರ ಫೆಬ್ರುವರಿಯಲ್ಲಿ ಸಾಗರದಲ್ಲಿ ಆಯಿತು. ಅವರು ಅಮೆರಿಕದ ಪೌರರು. ವೀಸಾ ಕೈಗೆ ಬಂದು ನಾನು ಡಲ್ಲಾಸ್‌ನಲ್ಲಿ ಇಳಿದದ್ದು 2023ರ ಡಿಸೆಂಬರ್ 11ರಂದು. ಮದುವೆಗೆ ಎರಡು ವರ್ಷ ತುಂಬಲು ಆಗ ಇನ್ನೆರಡು ತಿಂಗಳು ಬಾಕಿ ಇತ್ತು, ಹಾಗಾಗಿ ಷರತ್ತಿನ ಮೇಲೆ ಎರಡು ವರ್ಷದ ಕಾರ್ಡ್ ಕೊಟ್ಟರು. ಎರಡು ತಿಂಗಳು ತಡವಾಗಿ ವಿಮಾನ ಹತ್ತಿದ್ದರೆ ಹತ್ತು ವರ್ಷದ ಕಾರ್ಡೇ ಸಿಗುತ್ತಿತ್ತಂತೆ. ಇದು ಗೊತ್ತಾದದ್ದು ಈಗ.

ಜೂನ್‌ನಿಂದ ಬೇರೆ ಇದ್ದೇನೆ. ಅರ್ವಿಂಗ್‌ನಲ್ಲಿ ಗೆಳತಿಯೊಬ್ಬಳ ಜೊತೆ ಮನೆ ಹಂಚಿಕೊಂಡು, ಒಂದು ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಆಗಸ್ಟ್‌ನಲ್ಲಿ ವಿಚ್ಛೇದನದ ಕಾಗದ ಬಂತು. ಕಾರ್ಡಿನ ಅವಧಿ ಡಿಸೆಂಬರ್‌ಗೆ ಮುಗಿಯುತ್ತದೆ. ಅದರ ಷರತ್ತು ತೆಗೆಸುವ ಅರ್ಜಿಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕಂತೆ. ‘ನಾನು ಹಾಕುವುದಿಲ್ಲ, ಊರಿಗೆ ಹೊರಡು’ ಎನ್ನುತ್ತಾರೆ ಅವರು. ನನ್ನ ಖರ್ಚಿಗೆ ತಾವು ಹೊಣೆ ಎಂದು ವೀಸಾಕ್ಕೆ ಬರೆದುಕೊಟ್ಟ ಪತ್ರವನ್ನು ವಾಪಸ್ ಪಡೆಯುವುದಾಗಿ ಅತ್ತೆ ಹೇಳಿದ್ದಾರೆ.

ಮನೆ, ಕರೆಂಟು, ನೀರು, ಎಲ್ಲವೂ ಮಾವನವರ ಹೆಸರಿನಲ್ಲಿದೆ. ನಾವು ಸಂಸಾರ ಮಾಡಿದ್ದಕ್ಕೆ ನನ್ನ ಬಳಿ ಸಾಕ್ಷಿಯೇ ಇಲ್ಲ ಎನಿಸುತ್ತಿದೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಅಡಿಕೆಯ ಕೊನೆಕೊಯ್ಲು ಮುಗಿಯಲಿ ಎಂದುಕೊಂಡಿದ್ದೇನೆ. ಯಾರಿಗಾದರೂ ಹೀಗಾಗಿದೆಯೇ?

ಬಸವನಗುಡಿ ರಾಯರು

ಅಲ್ಲಿನ ಕೋರ್ಟು, ವಕೀಲರ ಶುಲ್ಕ ಎಲ್ಲ ಏಕೆ? ಬೆಂಗಳೂರಿಗೆ ಬಂದು ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆಯಿರಿ. ಆಮೇಲೆ ಆ ಕಾಗದ ಹಿಡಿದು ವಾಪಸ್ ಹೋದರಾಯಿತು.

ಎಡಿಸನ್ ಅಕ್ಕ

ರಾಯರೇ, ದಯವಿಟ್ಟು ಆ ಹುಡುಗಿಯನ್ನು ವಿಮಾನ ಹತ್ತಿಸಬೇಡಿ. ಕಾರ್ಡಿನ ಅವಧಿ ಮುಗಿಯಲು ಮೂರು ತಿಂಗಳಿರುವಾಗ ಊರಲ್ಲಿ ಹೋಗಿ ಕುಳಿತರೆ ವಾಪಸ್ ಬರುವುದೇ ಒಂದು ಪ್ರಕರಣವಾಗುತ್ತದೆ.

ತಂಗಿ, ಮೊದಲು ಒಂದು ಲೋಟ ನೀರು ಕುಡಿ. ‘ನನ್ನ ಸಹಿ ಇಲ್ಲದೆ ನೀನು ಇಲ್ಲಿ ಇರಲಾರೆ’ ಎಂಬ ಮಾತನ್ನು 2020ರಲ್ಲಿ ನನಗೂ ಹೇಳಿದ್ದರು. ನಾನು ನಂಬಿದ್ದೆ. ಎರಡು ಪೆಟ್ಟಿಗೆ ಕಟ್ಟಿಯೂ ಇಟ್ಟಿದ್ದೆ. ಆ ಮಾತು ಸುಳ್ಳು.

ಷರತ್ತು ತೆಗೆಸುವ ಆ ಅರ್ಜಿಯನ್ನು, ಅಂದರೆ ಐ-751 ಅನ್ನು, ತೆಗೆದು ನೋಡು. ಗಂಡನ ಜೊತೆ ಸೇರಿ ಸಲ್ಲಿಸುತ್ತೇನೆ ಎಂಬ ಚೌಕ ಮೊದಲು ಬರುತ್ತದೆ. ಅಲ್ಲೇ ಮುಂದೆ ಬೇರೆ ಚೌಕಗಳಿವೆ. ಅದರಲ್ಲೊಂದು, ‘ಸದುದ್ದೇಶದಿಂದಲೇ ಮದುವೆಯಾದೆ, ಆದರೆ ಮದುವೆ ವಿಚ್ಛೇದನದಲ್ಲಿ ಕೊನೆಗೊಂಡಿತು’ ಎನ್ನುತ್ತದೆ. ಇದನ್ನೇ ವೇವರ್, ಅಂದರೆ ಜಂಟಿ ಸಹಿಯಿಂದ ವಿನಾಯಿತಿ, ಎನ್ನುತ್ತಾರೆ. ಇದಕ್ಕೆ ಒಂದೇ ಸಹಿ, ನಿನ್ನದು. ಹೊಡೆತ ಬಡಿತ ಅಥವಾ ವಿಪರೀತ ಕ್ರೌರ್ಯ ನಡೆದಿದ್ದರೆ ಅದಕ್ಕೂ ಪ್ರತ್ಯೇಕ ಚೌಕವಿದೆ, ಅದಕ್ಕೆ ವಿಚ್ಛೇದನ ಮುಗಿಯುವ ತನಕ ಕಾಯಬೇಕಾಗಿಲ್ಲ. ನೀನು ಬರೆದಿಲ್ಲ, ನಾನು ಕೇಳುವುದಿಲ್ಲ, ಇದ್ದರೆ ವಕೀಲರಿಗೆ ಮುಚ್ಚಿಡಬೇಡ.

‘ಅವಧಿಗೆ ಮುಂಚಿನ 90 ದಿನಗಳಲ್ಲೇ ಸಲ್ಲಿಸಬೇಕು’ ಎಂಬುದು ಜಂಟಿ ಅರ್ಜಿಯ ನಿಯಮ. ವೇವರ್ ಅರ್ಜಿಗೆ ಆ ಕಿಟಕಿಯ ಕಟ್ಟು ಇಲ್ಲ. ಬೇಕಾದದ್ದು ಡಿಕ್ರಿ, ಅಂದರೆ ವಿಚ್ಛೇದನ ಕೊಟ್ಟ ಕೋರ್ಟಿನ ಆದೇಶ. ಟೆಕ್ಸಾಸ್‌ನಲ್ಲಿ ದಾವೆ ಹೂಡಿದ ಮೇಲೆ ಕನಿಷ್ಠ 60 ದಿನ ಕಾಯಬೇಕು, ಆಸ್ತಿಯ ಜಗಳ ಇಲ್ಲದಿದ್ದರೆ ಆಮೇಲೆ ಬೇಗ ಮುಗಿಯುತ್ತದೆ. ಹಾಗಾಗಿ ನೀನು ಅದನ್ನು ಎಳೆಯಬೇಡ. ನನ್ನ ಗೆಳತಿಯೊಬ್ಬಳಿಗೆ ಡಿಕ್ರಿ ಸಿಗುವ ಮೊದಲೇ ಕಾರ್ಡಿನ ಅವಧಿ ಮುಗಿಯುವಂತಿತ್ತು. ಅವಳ ವಕೀಲರು ದಾವೆ ನಡೆಯುತ್ತಿರುವ ದಾಖಲೆ ಇಟ್ಟು ಅರ್ಜಿ ಹಾಕಿದರು, ಡಿಕ್ರಿ ಕೇಳಿ ವಲಸೆ ಇಲಾಖೆಯಿಂದ ಪತ್ರ ಬರುವ ಹೊತ್ತಿಗೆ ಅದೂ ಕೈಗೆ ಬಂದಿತ್ತು. ನಿನ್ನ ಪ್ರಕರಣದಲ್ಲಿ ಯಾವುದು ಸರಿ ಎಂದು ವಲಸೆ ಕಾನೂನಿನ ವಕೀಲರೇ ಹೇಳಲಿ. ವಿಚ್ಛೇದನದ ವಕೀಲರನ್ನು ಇದಕ್ಕೆ ನೆಚ್ಚಬೇಡ, ಅದು ಬೇರೆಯೇ ವಿದ್ಯೆ.

ಅರ್ಜಿ ತಲುಪಿದೆ ಎಂಬ ರಸೀದಿ ಪತ್ರ ಬರುತ್ತದೆ. ನನ್ನ ಕಾಲಕ್ಕೆ ಅದು ಕಾರ್ಡನ್ನು 18 ತಿಂಗಳು ಮುಂದುವರಿಸುತ್ತಿತ್ತು, 2023ರಿಂದ 48 ತಿಂಗಳು ಎಂದು ಮಾಡಿದ್ದಾರೆ. ಹಳೆಯ ಕಾರ್ಡಿನ ಜೊತೆ ಆ ಪತ್ರ ತೋರಿಸಿ ಕೆಲಸ ಮಾಡಬಹುದು, ಪ್ರಯಾಣವನ್ನೂ ಮಾಡಬಹುದು. ಶುಲ್ಕ ಈಗ 750 ಡಾಲರ್.

ಅತ್ತೆಯ ಬೆದರಿಕೆಗೆ ಒಂದೇ ಸಾಲು: ಆ ಹೊಣೆಪತ್ರವನ್ನು, ಅಂದರೆ ಐ-864 ಅನ್ನು, ನಿನಗೆ ಕಾರ್ಡ್ ಸಿಕ್ಕ ಮೇಲೆ ಹಿಂಪಡೆಯಲು ಬರುವುದಿಲ್ಲ, ವಿಚ್ಛೇದನವಾದರೂ ಅದು ಅವರ ಕೊರಳಿನಿಂದ ಇಳಿಯುವುದಿಲ್ಲ.

ಈಗ ಸಾಕ್ಷಿ. ನಮ್ಮ ಮನೆಯಲ್ಲೂ ಎಲ್ಲವೂ ಮಾವನವರ ಹೆಸರಿನಲ್ಲೇ ಇತ್ತು. ಕೂಡುಕುಟುಂಬದ ಸೊಸೆಗೆ ಕರೆಂಟ್ ಬಿಲ್ಲಿನಲ್ಲಿ ಹೆಸರು ಬರುವುದು ಯಾವ ಕಾಲಕ್ಕೆ! ನಾನು ಒಂದು ಚಪ್ಪಲಿ ಡಬ್ಬಿ ಇಟ್ಟುಕೊಂಡು ಸಿಕ್ಕಿದ್ದನ್ನೆಲ್ಲ ಅದಕ್ಕೆ ತುಂಬಿದೆ. ಇಬ್ಬರೂ ಸೇರಿ ಸಲ್ಲಿಸಿದ ತೆರಿಗೆಯ ಪ್ರತಿ (ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅವರನ್ನು ಕೇಳಬೇಕಾಗಿಲ್ಲ), ಅವರ ಕಂಪನಿಯ ಆರೋಗ್ಯ ವಿಮೆಯಲ್ಲಿ ಪತ್ನಿ ಎಂದು ನನ್ನ ಹೆಸರಿದ್ದ ಕಾರ್ಡ್, ಕಾರಿನ ವಿಮೆಯಲ್ಲಿ ಇಬ್ಬರು ಚಾಲಕರ ಹೆಸರು, ಅದೇ ವಿಳಾಸಕ್ಕೆ ನನ್ನ ಹೆಸರಿಗೆ ಬಂದ ಹಲ್ಲಿನ ಡಾಕ್ಟರ ಬಿಲ್ಲು. ಕಾಸ್ಟ್‌ಕೋ ಅಂಗಡಿಯಲ್ಲಿ ಒಂದೇ ಮನೆಯವರೆಂದು ಪಡೆದ ಕಾರ್ಡಿನ ಹಿಂಬದಿಯಲ್ಲಿ ನನ್ನ ಕಪ್ಪು ಬಿಳುಪು ಮುಖ, ನಿದ್ದೆಗಣ್ಣು. ಅದರ ನೆರಳಚ್ಚನ್ನೂ ಇಟ್ಟೆ.

ಲಗ್ನಪತ್ರಿಕೆಯನ್ನೂ ಇಟ್ಟೆ. ಕನ್ನಡದ್ದಾದ್ದರಿಂದ ಇಂಗ್ಲಿಷ್ ಅನುವಾದ ಬೇಕು, ಎರಡೂ ಭಾಷೆ ಬಲ್ಲವರು ‘ಇದು ಪೂರ್ಣ ಮತ್ತು ಸರಿಯಾದ ಅನುವಾದ, ನನಗೆ ಎರಡೂ ಭಾಷೆ ಬರುತ್ತದೆ’ ಎಂದು ಬರೆದು ಸಹಿ ಹಾಕಿದರೆ ಸಾಕು. ನನ್ನ ಗೆಳತಿ ಒಂದು ಶನಿವಾರ ಪೂರ್ತಿ ಕುಳಿತಳು. ವಿಳಂಬಿ ನಾಮ ಸಂವತ್ಸರ ದಾಟಿದಳು, ಕರ್ಕಾಟಕ ಲಗ್ನ ದಾಟಿದಳು, ‘ಚಿ॥ ಸೌ॥’ ಬಂದಾಗ ಪೆನ್ನು ಕೆಳಗಿಟ್ಟಳು. ಚಿರಂಜೀವಿ ಸೌಭಾಗ್ಯವತಿ ಎಂಬುದನ್ನು ವಿಚ್ಛೇದನದ ಕಡತಕ್ಕಾಗಿ ಅನುವಾದ ಮಾಡುವುದು ಹೇಗೆ ಎಂದು ಇಬ್ಬರೂ ನಕ್ಕೆವು. ನಗು ಎಲ್ಲಿ ಅಳುವಾಯಿತೋ ತಿಳಿಯಲಿಲ್ಲ.

ಇದೆಲ್ಲಕ್ಕಿಂತ ಕಷ್ಟವಾದದ್ದು ನನ್ನದೇ ಹೇಳಿಕೆ. ಹನ್ನೊಂದು ಪುಟ ಬರೆದುಕೊಂಡು ಹೋಗಿದ್ದೆ, ಅವರು ಅಂದ ಒಂದೊಂದು ಮಾತೂ ತಾರೀಕಿನ ಸಮೇತ ಅದರಲ್ಲಿತ್ತು. ವಕೀಲೆ ಓದಿ ಪಕ್ಕಕ್ಕಿಟ್ಟು, ‘ಮದುವೆ ಏಕೆ ಮುರಿಯಿತು ಎಂದು ಬರೆದಿದ್ದೀಯ. ಏಕೆ ಆದೆ ಎಂದು ಬರೆ’ ಎಂದರು. ಇಲಾಖೆ ನೋಡುವುದು ಮದುವೆಯಾದ ದಿನ ನಿಮ್ಮ ಮನಸ್ಸಿನಲ್ಲಿ ಏನಿತ್ತು, ಆಮೇಲೆ ಹೇಗೆ ಬಾಳಿದಿರಿ ಎಂಬುದನ್ನು. ಎಷ್ಟು ವರ್ಷ ಉಳಿಯಿತು ಎಂಬುದನ್ನಲ್ಲ. ಗಂಡನ ಮೇಲೆ ಮೈಯೆಲ್ಲ ಉರಿಯುತ್ತಿದ್ದ ಆ ತಿಂಗಳಲ್ಲೇ, ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿಗೆ ಉಪ್ಪು ಹಾಕಿಲ್ಲವೆಂದು ಗೊತ್ತಾಗಿಯೂ ಅವರು ಎರಡು ಸಲ ಹಾಕಿಸಿಕೊಂಡು ತಿಂದದ್ದನ್ನು ನಾನು ಬರೆಯಬೇಕಾಯಿತು. ಮೂರು ಪುಟಕ್ಕೆ ಮೂರು ವಾರ ಹಿಡಿಯಿತು.

2021ರ ಜುಲೈನಲ್ಲಿ ಅರ್ಜಿ ಹಾಕಿದೆ. 2023ರಲ್ಲಿ ಸಂದರ್ಶನಕ್ಕೆ ಕರೆದರು. ‘ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದಿರಿ?’ ಎಂದು ಅಧಿಕಾರಿ ಕೇಳಿದರು. ಸಾರು ನಾನು, ಚಪಾತಿ ಅವರು, ನನ್ನದು ಎಂದೂ ದುಂಡಗೆ ಬರುತ್ತಿರಲಿಲ್ಲ ಎಂದೆ. ಅವರು ಬರೆದುಕೊಂಡರು. ಕೆಲವು ವಾರಗಳ ನಂತರ ಹತ್ತು ವರ್ಷದ ಕಾರ್ಡ್ ಅಂಚೆಯಲ್ಲಿ ಬಂತು.

ಇನ್ನೊಂದು, ಇವತ್ತೇ ಮಾಡು. ಮನೆ ಬದಲಿಸಿದ 10 ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು, ಎಆರ್-11 ನಮೂನೆ, ಆನ್‌ಲೈನ್‌ನಲ್ಲೇ ಆಗುತ್ತದೆ. ಜೂನ್‌ನಲ್ಲಿ ಮಾಡಿದೆಯೋ ಇಲ್ಲವೋ? ಇಲ್ಲದಿದ್ದರೆ ನಿನ್ನ ಪತ್ರಗಳೆಲ್ಲ ಅತ್ತೆಯ ಕೈ ಸೇರುತ್ತವೆ.

ಮೈಸೂರಿನ ನಿವೃತ್ತ ವಕೀಲ

ಎಡಿಸನ್‌ನ ಸಹೋದರಿ ಅಲ್ಲಿಯದನ್ನು ಹೇಳಿದ್ದಾರೆ, ಇಲ್ಲಿಯ ಒಂದು ಮಾತು ಸೇರಿಸುತ್ತೇನೆ. 13ಬಿಗೆ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು, ನೀವು ಬೇರೆಯಾದದ್ದು ಜೂನ್‌ನಲ್ಲಿ. ಆ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೂ ಡಿಸೆಂಬರ್‌ಗೆ ಆಗುವ ಕೆಲಸವಲ್ಲ.

ಮುಂದೆ ಭಾರತದಲ್ಲಿ ಮರುಮದುವೆಯ ಯೋಚನೆ ಬಂದರೆ ಟೆಕ್ಸಾಸ್‌ನ ಡಿಕ್ರಿ ಇಲ್ಲಿ ಊರ್ಜಿತವೇ ಎಂಬ ಪ್ರಶ್ನೆ ಏಳುತ್ತದೆ. 1991ರ ನರಸಿಂಹ ರಾವ್ ಪ್ರಕರಣದ ತೀರ್ಪಿನ ಪ್ರಕಾರ, ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ಒಬ್ಬರೇ ಪಡೆದ ವಿದೇಶಿ ವಿಚ್ಛೇದನ ಇಲ್ಲಿ ನಡೆಯುವುದಿಲ್ಲ. ಎದುರು ಪಕ್ಷ ಸ್ವಇಚ್ಛೆಯಿಂದ ಹಾಜರಾಗಿ ವಿಚ್ಛೇದನಕ್ಕೆ ಒಪ್ಪಿದ್ದರೆ ಅದು ಬೇರೆ ಮಾತು. ಆದ್ದರಿಂದ ಬಂದ ಕಾಗದಕ್ಕೆ ಉತ್ತರಿಸದೆ ಸುಮ್ಮನಿರಬೇಡಿ. ಹಾಜರಾಗಿ, ಒಪ್ಪಿಗೆಯ ಡಿಕ್ರಿ ಪಡೆಯಿರಿ. ಎರಡೂ ದೇಶದಲ್ಲಿ ಅನುಕೂಲ.

ಬಸವನಗುಡಿ ರಾಯರು

ಒಪ್ಪಿದೆ. ನನ್ನ ತಂಗಿಯ ಮಗನದು 2010ರಲ್ಲಿ ಹಾಗೆ ಆಗಿತ್ತು, ಅವನ ಬಳಿ ಹತ್ತು ವರ್ಷದ ಕಾರ್ಡ್ ಇತ್ತು ಎಂಬುದು ಈಗ ನೆನಪಾಯಿತು.

ಸಾಗರದವಳು

ಅಕ್ಕ, ವಿಳಾಸ ಬದಲಿಸಿರಲಿಲ್ಲ. ಓದಿದ ಕೂಡಲೇ ಕ್ಲಿನಿಕ್‌ನ ಊಟದ ಬಿಡುವಿನಲ್ಲಿ ಮಾಡಿದೆ. ಕಾಸ್ಟ್‌ಕೋ ಕಾರ್ಡ್ ನನ್ನ ಪರ್ಸ್‌ನಲ್ಲೇ ಇತ್ತು, ನನ್ನದೂ ನಿದ್ದೆಗಣ್ಣೇ. ಎರಡು ವರ್ಷದ ತೆರಿಗೆ ಪ್ರತಿಗಳೂ ಸಿಕ್ಕವು. ಮೂರು ವರ್ಷಕ್ಕೇ ಪೌರತ್ವ ಕೇಳಬಹುದೆಂಬ ಲೆಕ್ಕ ನನಗೆ ಇನ್ನು ಇಲ್ಲವೇ?

ಎಡಿಸನ್ ಅಕ್ಕ

ಇಲ್ಲ. ಅದು ಪೌರರಾದ ಗಂಡನ ಜೊತೆ ಬಾಳುತ್ತಿರುವವರಿಗೆ. ನಿನ್ನದು ಐದು ವರ್ಷ, ಆದರೆ ಎಣಿಕೆ ಇಳಿದ ದಿನದಿಂದಲೇ. ಷರತ್ತಿನ ಎರಡು ವರ್ಷವೂ ಲೆಕ್ಕಕ್ಕಿದೆ. ಅಂದರೆ 2028ರ ಡಿಸೆಂಬರ್, ಅರ್ಜಿ ಅದಕ್ಕೆ 90 ದಿನ ಮುಂಚೆ ಹಾಕಬಹುದು. ಲಗ್ನಪತ್ರಿಕೆ ಸಿಕ್ಕಿತೇ?

ಸಾಗರದವಳು

ಅದು ಊರಲ್ಲಿದೆ. ಕೇಳಬೇಕೆಂದರೆ ಎಲ್ಲವನ್ನೂ ಹೇಳಬೇಕಲ್ಲ ಎಂದು ಎರಡು ದಿನ ತಳ್ಳಿದೆ. ನಿನ್ನೆ ರಾತ್ರಿ ಫೋನ್ ಮಾಡಿದೆ, ಅಮ್ಮ ಎತ್ತಿದರು. ಲಗ್ನಪತ್ರಿಕೆ ಬೇಕಿತ್ತು ಎಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಒಂದು ಸಾಕಾ, ಎರಡು ಕಳಿಸಲಾ? ಅಟ್ಟದ ಮೇಲೆ ಇನ್ನೂ ಒಂದು ಕಟ್ಟು ಉಳಿದಿದೆ’ ಎಂದರು.

ವಕೀಲರ ಭೇಟಿ ಸೋಮವಾರ.